ಬಾವಿಗೆ ಬೆನ್ನು ಹಾಕಿ ಎಣಿಸಿದವರು

ಮಾದಮ್ಮತ್ತೆ ನಮಗೆ ಈಜು ಕಲಿಸಿದ್ದು ಬಾವಿಗೆ ಬೆನ್ನು ಹಾಕಿ ಕೂತು. ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಶಾಲೆಯ ಮಧ್ಯಾಹ್ನದ ಊಟದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೆಳಗೆ ನಾವು ಏಳು ಹುಡುಗಿಯರು ಕೈಕಾಲು ಬಡಿಯುತ್ತಿದ್ದೆವು. ಅವರು ತಿರುಗಿ ನೋಡದೆಯೇ, "ಪೂಂಗೊಡಿ, ಉಸ್ರು ಕಟ್ಬ್ಯಾಡ. ಲೇ ಲೆಕ್ಕದೋಳೇ, ನೀನು ಗೋಡೆ ಬುಡು" ಎನ್ನುತ್ತಿದ್ದರು.

ಲೆಕ್ಕದವಳು ನಾನು. ಸೇಲಂ ದಾರಿಯ ಅದಿಯಮಾನ್‌ಕೋಟೆ ಹತ್ತಿರದ ನಮ್ಮ ಶಾಲೆಗೆ ಈಜುಕೊಳವಿಲ್ಲ. ಈಜು ಪಂದ್ಯಕ್ಕೆ ತಂಡ ಕಟ್ಟುವಾಗ ಹೆಡ್‌ಮಾಸ್ಟರು ಅಡುಗೆಯ ಮಾದಮ್ಮತ್ತೆಯನ್ನೇ ಕೇಳಿಕೊಂಡರು. ಅವರ ಅಪ್ಪ ಸುತ್ತಲಿನ ಬಾವಿಗಳಲ್ಲಿ ಮುಳುಗಿದವರನ್ನು ಎತ್ತಿಕೊಡುತ್ತಿದ್ದವರು. ಆ ಈಜು ಮಗಳಿಗೂ ಬಂದಿತ್ತು. ಈಗ ಮಂಡಿ ಹೋಗಿ ಮೆಟ್ಟಿಲು ಇಳಿಯುವಂತಿರಲಿಲ್ಲ. ನಾನು ದಿನಾಂಕ, ಹಾಜರಿ, ಯಾರು ಎಷ್ಟು ಸುತ್ತು ಎಂದು ಬರೆದಿಡುತ್ತಿದ್ದೆ. ತೇಲಲೆಂದು ಬೆನ್ನಿಗೆ ಕಟ್ಟಿದ ಪ್ಲಾಸ್ಟಿಕ್ ಕ್ಯಾನ್ ಬಿಚ್ಚಿ ಈಜಿದ ಸುತ್ತುಗಳು, ನನ್ನ ಹೆಸರಿನ ಮುಂದೆ, ಸೊನ್ನೆ.

ಹತ್ತುವ ಮೊದಲು ಎಲ್ಲರೂ ಒಬ್ಬೊಬ್ಬರಾಗಿ ಗೋಡೆಗೆ ಅಂಗೈ ಬಡಿಯಬೇಕು. ಮಾದಮ್ಮತ್ತೆ ಸದ್ದು ಕೇಳಿ ಎಣಿಸುತ್ತಿದ್ದರು. ಪ್ರತಿದಿನವೂ ಎಂಟು.

"ನಾವು ಏಳೇ ಜನ, ಅತ್ತೆ."

"ನಿನ್ ಲೆಕ್ಕ ನಿಂಗಿರ್ಲಿ ಕಣವ್ವ. ನಂದು ನಂಗಿರ್ಲಿ."

"ಅತ್ತೇಗೆ ಕಣಕ್ಕು ಲೆಕ್ಕ ಬರಾಕಿಲ್ಲ ಕಣೇ," ಎಂದು ಪೂಂಗೊಡಿ ಪಿಸುಗುಟ್ಟುತ್ತಿದ್ದಳು. "ಅದ್ಕೇ ದಿನಾ ಅನ್ನ ಮಿಗ್ತೈತೆ."

ನಲವತ್ತೊಂದು ದಿನ ಹಾಗೇ ಬರೆದೆ: ನನ್ನದು ಏಳು, ಅವರದು ಎಂಟು. ಒಮ್ಮೆ ನಾನೂ ಕಿವಿಗೊಟ್ಟೆ. ಏಳನೆಯ ಬಡಿತದ ಮೇಲೆ, ಪಂಪಿನ ಪೈಪು ನೀರಿಗಿಳಿಯುವ ಮೂಲೆಯಿಂದ ಇನ್ನೊಂದು ಸಣ್ಣ ಸದ್ದು ಬಂತು, ಒದ್ದೆ ಬಟ್ಟೆ ಕಲ್ಲಿಗೆ ತಾಕಿದ ಹಾಗೆ. ನೋಟ್‌ಬುಕ್ಕಿನಲ್ಲಿ 'ಪ್ರತಿಧ್ವನಿ' ಎಂದು ಬರೆದೆ.

ನಲವತ್ತೆರಡನೆಯ ಬೆಳಿಗ್ಗೆ ಅವರು "ಏಳು" ಎಂದರು.

"ಇವತ್ತು ಸರಿಯಾಯ್ತು ಅತ್ತೆ," ಎಂದೆ. ತಲೆ ಎಣಿಸದೆ, ಇಳಿಯುವಾಗಲೇ ಕಟ್ಟೆಯ ಮೇಲಿನ ಟವೆಲ್‌ಗಳನ್ನು ಎಣಿಸಿ ಏಳು ಟಿಕ್ ಹಾಕುವುದು ನನ್ನ ರೂಢಿ.

ಮೊರ ಜಾರಿತು. ಅಕ್ಕಿ ನೀರಿನ ಮೇಲೆ ಸುರಿಯಿತು. ಮೊದಲ ಸಲ ಅವರು ಬಾವಿಯತ್ತ ತಿರುಗಿದರು.

"ಒಬ್ಳಿಲ್ಲ. ಯಾರ್ಲೇ ಇಲ್ಲ?"

ಪೂಂಗೊಡಿ ಇರಲಿಲ್ಲ.

"ಪೈಪ್ ಇಡ್ಕಂಡು ಕೈಗೆ ಕೈ ಕೊಡ್ರಿ. ಉದ್ದ ಕೈಯೋಳು ಕಡೇಲಿ ಮುಳುಗ್ಲಿ."

ಉದ್ದ ಕೈ ನನ್ನದು. ಕ್ಯಾನ್ ಬಿಚ್ಚಿದೆ. ಐವರೂ ಒಬ್ಬರ ಕೈ ಒಬ್ಬರು ಹಿಡಿದು ನನ್ನನ್ನು ಕೆಳಕ್ಕೆ ಬಿಟ್ಟರು. ಕತ್ತಲ ನೀರಿನಲ್ಲಿ ಕೈಯಾಡಿಸಿದೆ, ಏನೂ ಸಿಗಲಿಲ್ಲ. ಉಸಿರು ಮುಗಿಯುತ್ತಿದ್ದಾಗ ಯಾರೋ ಪೂಂಗೊಡಿಯ ಮಣಿಕಟ್ಟನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಉಳಿದ ಐವರೂ ನನ್ನ ಮೇಲಿದ್ದರು.

ಪೂಂಗೊಡಿ ನೀರು ಕಕ್ಕಿ ಕಣ್ಣು ಬಿಟ್ಟಳು. ಟವೆಲ್ ಎಣಿಸಿದ್ದನ್ನು ಎಲ್ಲರೆದುರು ಹೇಳಿಬಿಟ್ಟೆ. ಪೂಂಗೊಡಿ ಬಾಯೊರೆಸಿಕೊಂಡು, "ಪಂದ್ಯಕ್ಕೂ ಟವೆಲ್‌ನೇ ಕಳ್ಸು," ಎಂದಳು. ಪಂದ್ಯದ ರಿಲೇಯಲ್ಲಿ ಅವಳು ಗೋಡೆ ಮುಟ್ಟಿದ ಮೇಲೆ ನೀರಿಗೆ ಹಾರಿದವಳು ನಾನು, ಕ್ಯಾನ್ ಇಲ್ಲದೆ. ತಂಡ ಕೊನೆಯಿಂದ ಎರಡನೆಯದು.

ಅದರ ಮರುವಾರ ಮಾದಮ್ಮತ್ತೆ ಕೆಲಸ ಬಿಟ್ಟು ಎಡಪ್ಪಾಡಿಯ ಮಗಳ ಮನೆಗೆ ಹೊರಟರು. ಬಸ್ ನಿಲ್ದಾಣದವರೆಗೆ ಅವರ ಚೀಲ ಹೊತ್ತವಳು ನಾನೇ. ಆಮೇಲೆ ಅವರನ್ನು ನೋಡಿಲ್ಲ.

"ನೀರಿನಾಗಿನ ಆ ಕೈ ಎಂಗಿತ್ತು?" ಎಂದರು, ಬಸ್ಸಿಗೆ ಕಾಯುತ್ತಾ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

"ಸಣ್ಣದು ಅತ್ತೆ. ತಣ್ಣಗಿತ್ತು."

"ನನ್ ತಂಗಿ. ಆರ್ ವರ್ಸ. ಊರೋರ್ ಮಕ್ಳನ್ನೆಲ್ಲ ಎತ್ಕೊಟ್ಟ ನಮ್ಮಪ್ಪನ್ ಕೈಗೆ ಆ ಬಾವೀಲಿ ಅವ್ಳೊಬ್ಳು ಸಿಗ್ನಿಲ್ಲ." ಬಸ್ ಬರುವ ದಾರಿ ನೋಡಿದರು. "ನಿನ್ನ ಎಳೀತಾ?"

"ಇಲ್ಲ. ಪೂಂಗೊಡೀನ ಕೊಟ್ಟು ಬುಟ್ಬುಡ್ತು."

"ಬುಟ್ತಾ?"

"ಬುಟ್ತು ಅತ್ತೆ."

ಸೇಲಂ ಬಸ್ ಬಂತು. ಮಾದಮ್ಮತ್ತೆ ಕಂಬಿ ಹಿಡಿದು ಹತ್ತಿದರು. ಬಾಗಿಲಲ್ಲೇ ನಿಂತಿದ್ದ ಕಂಡಕ್ಟರ್‌ಗೆ, "ಒಂದು ಫುಲ್, ಒಂದು ಹಾಫ್," ಎಂದರು.

"ಕೊಳಂದೈ ಎಂಗಮ್ಮಾ?" ಮಗು ಎಲ್ಲಿ ಎಂದು ಆತ ನನ್ನ ಹಿಂದೆ ಮುಂದೆ ಹುಡುಕಿದ.

ಮಾದಮ್ಮತ್ತೆ ಕಿಟಕಿಯ ಪಕ್ಕದ ಜಾಗ ಬಿಟ್ಟು, ಈಚೆಗೆ ಕೂತು, ಸೆರಗು ಸರಿಮಾಡಿಕೊಂಡರು.