ನೋಡಿದ್ದನ್ನೂ ಬರೆದಿಡುತ್ತಿದ್ದ ಡಿಸ್ಕ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೋಂಪುರದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹಳೆಯ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಲಿನಕ್ಸ್ ಹಾಕಿದ ಒಂದು ಯಂತ್ರವನ್ನು ವೆಬ್ ಸರ್ವರ್ ಮಾಡಿದ್ದೆವು. ಲೋಹ ಕಡೆಯುವ ಲೇತ್ ಪಕ್ಕದಲ್ಲಿಟ್ಟ ಕಂಪ್ಯೂಟರಿನಲ್ಲೇ ಕೆಲಸಗಾರರು ನಕ್ಷೆ ತೆರೆಯಬಹುದಿತ್ತು. ಆದರೆ ಬೆಳಗಿನ ಪಾಳಿಯಲ್ಲಿ ಎಲ್ಲರೂ ಒಟ್ಟಿಗೆ ತೆರೆದರೆ ಡಿಸ್ಕ್ ಗರಗರ ಸದ್ದು ಮಾಡುತ್ತ ಒದ್ದಾಡುತ್ತಿತ್ತು.

ಆ ನಕ್ಷೆಗಳನ್ನು ಕೈಯಲ್ಲಿ ಬರೆದಿದ್ದವರು ಒಬ್ಬ ಹಿರಿಯ ಡ್ರಾಫ್ಟ್ಸ್‌ಮನ್. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಸ್ಕ್ಯಾನ್ ಆದಮೇಲೆ ಅವರ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಒಂದು ದಿನ ನನ್ನ ಪಕ್ಕ ಕೂತು ಸದ್ದು ಕೇಳಿಸಿಕೊಂಡರು.

"ಏನಮ್ಮಾ, ಅವ್ರು ಬರೀ ನೋಡ್ತಾವ್ರೆ ತಾನೆ? ಇದ್ಯಾಕೆ ಬರೀತಾ ಇರೋ ಹಂಗೆ ಸದ್ದು ಮಾಡ್ತದೆ?"

"ಹಂಗೆಲ್ಲ ಬರೆಯಲ್ಲ ಸಾರ್" ಎಂದೆ. ಆದರೂ ಪರೀಕ್ಷಿಸಿದೆ. ನಿಜವಾಗಿಯೂ ಬರೆಯುತ್ತಿತ್ತು! ಕೈಪಿಡಿ ತಿರುವಿದಾಗ ಗೊತ್ತಾಯಿತು: ಯಾರಾದರೂ ಕಡತವನ್ನು ಓದಿದರೆ ಸಾಕು, ಓದಿದ ಹೊತ್ತನ್ನು, ಡಿಸ್ಕಿನ ಕಡತಗಳ ಲೆಕ್ಕವಿಡುವ ಫೈಲ್ ಸಿಸ್ಟಮ್ ಸೆಕೆಂಡಿನ ಲೆಕ್ಕದಲ್ಲಿ ಗುರುತು ಹಾಕಿಡುತ್ತದೆ. ನಾವು ಹೇಳದೆ, ಕೇಳದೆ, ಅಷ್ಟು ದಿನವೂ. ಓದಿದಾಗಲೆಲ್ಲ ಹೀಗೆ ಬರೆಯುವುದರಿಂದಲೂ ಡಿಸ್ಕ್ ಒದ್ದಾಡುತ್ತಿತ್ತು.

ಅದನ್ನು ನಿಲ್ಲಿಸಲು ಸರ್ವರಿನ ಸೆಟ್ಟಿಂಗ್ ಕಡತದಲ್ಲಿ ಒಂದೇ ಪದ ಸೇರಿಸಿದರೆ ಸಾಕಿತ್ತು. ಬೆರಳು ಕೀಲಿಮಣೆಯ ಮೇಲಿತ್ತು.

"ತಡಿಯಮ್ಮ" ಎಂದರು ಅವರು. "ಹಂಗಾದ್ರೆ ನನ್ನ ನಕ್ಷೆ ಕೊನೇಲಿ ಯಾವಾಗ ನೋಡಿದ್ರು ಅಂತ ಇದಕ್ಕೆ ಗೊತ್ತಾ?"

ಪಟ್ಟಿ ತೆಗೆದೆ. ಪರದೆಯ ಮೇಲೆ ಸಾಲುಗಳು ಓಡಿದವು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನಿನ್ನೆ, ಮೊನ್ನೆ, ಇವತ್ತು ಬೆಳಿಗ್ಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಬರೆದ ಒಂದು ಗೇರಿನ ನಕ್ಷೆಯನ್ನು ಹತ್ತು ನಿಮಿಷದ ಹಿಂದಷ್ಟೇ ಯಾರೋ ತೆರೆದಿದ್ದರು. ಅವರು ಆ ಸಾಲಿನ ಮೇಲೆ ಬೆರಳಿಟ್ಟರು.

"ನನ್ನ ಕೆಲ್ಸ ಸತ್ತೋಯ್ತು ಅಂದ್ಕೊಂಡಿದ್ದೆ ಕಣಮ್ಮ" ಎಂದರು. "ಈಗ ನಿಲ್ಲಿಸು. ಪಾಪ, ಅದೂ ಸುಸ್ತಾಗಿರ್ತದೆ."

ನಿಲ್ಲಿಸಿದೆ. ಗರಗರ ಅರ್ಧಕ್ಕರ್ಧ ಇಳಿಯಿತು. ಹಳೆಯ ವಿಂಡೋಸ್ ಕಂಪ್ಯೂಟರಿನಿಂದ ತೆಗೆದು ಸರ್ವರಿಗೆ ಸೇರಿಸಿದ್ದ ಇನ್ನೊಂದು ಡಿಸ್ಕಿಗೆ ಮಾತ್ರ ಈ ಮದ್ದು ನಾಟಲಿಲ್ಲ. ಅದರ ಕಾಯಿಲೆಯೇ ಬೇರೆ: ಸಾವಿರಾರು ನಕ್ಷೆಗಳು ಒಂದೇ ಫೋಲ್ಡರಿನಲ್ಲಿದ್ದವು, ಒಂದನ್ನು ಹುಡುಕಲು ಮೊದಲಿಂದ ಒಂದೊಂದಾಗಿ ನೋಡುತ್ತ ಬರಬೇಕಿತ್ತು. ಅವನ್ನೆಲ್ಲ ಹೊಸ ಡಿಸ್ಕಿಗೆ ತಂದು, ಬಿಡಿಭಾಗ ಯಾವ ಯಂತ್ರಕ್ಕೆ ಸೇರಿದ್ದೋ ಆ ಯಂತ್ರಕ್ಕೊಂದು ಫೋಲ್ಡರ್ ಮಾಡಿ ಹಂಚಲು ಎರಡು ದಿನ ಹಿಡಿಯಿತು. ಯಾವ ನಕ್ಷೆ ಯಾವ ಯಂತ್ರದ್ದೆಂದು ಕಡತದ ಹೆಸರು ನೋಡದೆಯೇ ಹೇಳಿದವರು ಆ ಹಿರಿಯರೇ.

ಮೂರನೆಯ ದಿನ ಪಾಳಿ ಶುರುವಾದಾಗ ನಕ್ಷೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡವು. ಸರ್ವರ್ ಇದ್ದ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೇಳೋಣವೆಂದು ಅವರ ಕೋಣೆಗೆ ಓಡಿದೆ, ಕುರ್ಚಿ ಖಾಲಿ. ಹುಡುಕಿಕೊಂಡು ಹೋದರೆ, ಲೇತಿನ ಬಳಿ ಆ ಗೇರು ಕಡೆಯುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟು ಪರದೆ ನೋಡುತ್ತ ನಿಂತಿದ್ದರು.