ತೆರೆಯ ಮೇಲೆ ಕಾಣದ ಅಪ್ಪ

ನಾನು ಇನ್ನೂ ಎರಡನೆಯ ಇಯತ್ತೆ ಓದುವಷ್ಟು ಚಿಕ್ಕವಳಿದ್ದಾಗ, ಘಟಪ್ರಭಾ ಸ್ಟೇಶನ್ನಿನ ಆಚೆಯ ಬಯಲಿಗೆ ಟೂರಿಂಗ್ ಟಾಕೀಸೊಂದು ಬಂದಿತ್ತು. ಸುತ್ತ ತಗಡಿನ ಗೋಡೆ, ಮೇಲೆ ತೇಪೆ ಹಚ್ಚಿದ ಡೇರೆ, ಕೂರಲು ಮರಳು. ಅಂದು ಅಪ್ಪ ಗೋಕಾಕದ ಸಂತೆಯಿಂದ ಬೇಗನೆ ಬಂದವನೇ, "ನಡೀರಿ, ಸಿನೆಮಾ ನೋಡೂಣು" ಎಂದ. ಅಕ್ಕ ನನ್ನ ಜಡೆಗೆ ಎಣ್ಣೆ ಹಚ್ಚಿ ಕಣ್ಣು ಮೇಲಾಗುವಷ್ಟು ಬಿಗಿಯಾಗಿ ಹೆಣೆದಳು. ಅದು ನಮ್ಮಿಬ್ಬರ ಮೊದಲ ಸಿನೆಮಾ.

ಸಂಜೆಯ ಆಟಕ್ಕೆ ಅಪ್ಪನ ಎರಡೂ ಬದಿಗೆ ಕುಳಿತೆವು. ಬೀಡಿಯ ಹೊಗೆ, ಹುರಿದ ಶೇಂಗಾ, ಬಿಸಿಲು ಕುಡಿದ ತಾಡಪತ್ರಿಯ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಸಿನೆಮಾಕ್ಕೆ ಮೊದಲು ಮಹಾಯುದ್ಧದ ಒಂದು ಹಳೆಯ ಸುದ್ದಿಚಿತ್ರ ಹಾಕಿದರು. ಎಲ್ಲೋ ಸಮುದ್ರದಾಚೆಯ ದ್ವೀಪ. ಮುಳ್ಳುತಂತಿಯ ಬೇಲಿಯೊಳಗೆ ಸೆರೆಶಿಬಿರ, ಅದರಲ್ಲಿ ಎಲುಬಿನ ಹಂದರದಂಥ ಜನ. ದೊಡ್ಡ ಬಾಗಿಲು ತೆರೆಯಿತು. ಬಿಳಿಯ ಸೈನಿಕರು ನಗುತ್ತ ಬಂದು ಮಕ್ಕಳನ್ನು ಎತ್ತಿಕೊಂಡರು. ಅವರೇ ಮೊದಲು ಬಂದು ಬಿಡಿಸಿದರೆಂದು ಗಡಸು ದನಿಯೊಂದು ಹೇಳಿತು.

ಅಪ್ಪ ಎದ್ದು ನಿಂತ.

"ಸುಳ್ಳ ಐತಿ ಇದು! ಆ ತಂತಿ ಕಡದವರು ನಾವು. ನಮ್ಮ ಪಲ್ಟಣ ಮೊದಲ ಹೋಗಿತ್ತರಿ!"

ಅವನ ನೆರಳು ತೆರೆಯ ಅರ್ಧವನ್ನು ನುಂಗಿತು. "ಏ, ಕುಂದರೋ! ಏನೂ ಕಾಣವಲ್ದು" ಎಂದು ಹಿಂದಿನವರು ಕೂಗಿದರು. ಅಪ್ಪ ಯುದ್ಧದಲ್ಲಿ ಇದ್ದದ್ದು ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಪಲ್ಟಣದಲ್ಲಿ. ಅದು ಊರಿಗೆಲ್ಲ ಗೊತ್ತು. "ಕತ್ತೆ ಕಾಯಾಕ ಹೋಗಿದ್ನಲ್ಲ, ಅಂವನೇ ಯುದ್ಧ ಗೆದ್ದಾನ ನೋಡ್ರಿ" ಎಂದು ಒಬ್ಬ ಅಂದ. ಡೇರೆಗೆ ಡೇರೆಯೇ ನಕ್ಕಿತು. "ಕೇಳ್ರೆಪಾ" ಎಂದು ಅಪ್ಪ ಕೈ ಮುಗಿದ. ಯಾರೋ ಎಸೆದ ಶೇಂಗಾಸಿಪ್ಪೆ ಅವನ ಮುಖಕ್ಕೆ ಬಡಿಯಿತು. ಅಕ್ಕ ಅಳುತ್ತ ಅವನ ಧೋತರ ಜಗ್ಗಿದಳು. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಗೆ ಬಂದುಬಿಟ್ಟ.

ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ನಡೆಯುತ್ತಲೇ ಅಕ್ಕ ಕೇಳಿದಳು: "ಅಪ್ಪಾ, ನೀ ಖರೇನ ಅಲ್ಲಿದ್ದೇನು?"

ಅಪ್ಪ ನಿಂತುಬಿಟ್ಟ. ಸಿಪ್ಪೆ ಬಡಿದಾಗಲೂ ಅವನ ಮುಖ ಹಾಗೆ ಬಾಡಿರಲಿಲ್ಲ.

"ಅಕ್ಕಿ, ಔಷಧ ಹೇರಕೊಂಡ ನಾವ ಮುಂದ ಹೋಗಿದ್ವಿ. ಕಾವಲಿನವರು ಓಡಿಹೋಗಿದ್ರು. ತಂತಿ ಕಡದ ಒಳಗ ಹೋದ್ವಿ. ನಿನ್ನ ವಾರಿಗಿ, ನಿನ್ನಷ್ಟ ವಯಸ್ಸಿನ ಹುಡುಗಿ ಒಬ್ಬಾಕಿ ಇದ್ಲು. ಹೆಗಲ ಮ್ಯಾಲ ಹೊತಗೊಂಡ್ನಿ. ಭಾರನ ಇರಲಿಲ್ಲ ಯವ್ವಾ. ದವಾಖಾನಿ ಡೇರೆ ಮುಟ್ಟೂದ್ರಾಗ ಉಸಿರು ನಿಂತಿತ್ತು."

"ಮತ್ತ ಚಿತ್ರದಾಗ ನೀವ್ಯಾಕ ಇಲ್ಲ?"

"ಸಿನೆಮಾದವರು ಮರುದಿನ ಬಂದ್ರು. ನಮ್ಮನ್ನ ಹೆಣಾ ಹುಗ್ಯಾಕ ಹಿಂದಕ ಕಳಿಸಿದ್ರು. ಬಾಗಲಾ ಮತ್ತೊಮ್ಮೆ ಮುಚ್ಚಿ, ಆ ಬಿಳಿ ಸೈನಿಕರ ಕೈಲೆ ಮತ್ತ ತಗಿಸಿದ್ರು."

ಅಕ್ಕ ಅವನ ಕೈ ಹಿಡಿಯಲು ಹೋದಳು. ಅಪ್ಪ ಕೈ ಕೊಡದೆ ಮುಂದೆ ನಡೆದ. ಅಂದಿನಿಂದ ಅವನು ಆ ಯುದ್ಧದ ಮಾತನ್ನೇ ಎತ್ತಲಿಲ್ಲ. ಮುಂದೊಮ್ಮೆ ಹುಕ್ಕೇರಿಯಲ್ಲಿ ಹಳೆಯ ಸೈನಿಕರಿಗೆ ಶಾಲು ಹೊದಿಸಿದಾಗ ಬಂದೂಕು ಹಿಡಿದವರನ್ನಷ್ಟೇ ಕರೆದರು. ಅಂದು ಅಪ್ಪ ದಿನವಿಡೀ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಕೆಲವು ವರ್ಷಗಳಲ್ಲಿ ತೀರಿಕೊಂಡ.

ಮೊಮ್ಮಕ್ಕಳೇ, ಮೊನ್ನೆ ಮೂಡಲಗಿಯ ನಿಮ್ಮ ಶಾಲೆಯಲ್ಲಿ, ಆ ಯುದ್ಧದಲ್ಲಿ ಯಾರೂ ನೆನೆಯದೆ ಹೋದ ಪಲ್ಟಣಗಳವರ ಫೋಟೋ ತೂಗುಹಾಕುತ್ತಾರೆ ಎಂದು ಹೇಳುತ್ತ, ಮುತ್ತಜ್ಜನ ಫೋಟೋ ಕೇಳಲು ಓಡಿ ಬಂದಿರಿ. ನೀವು ಉಣ್ಣುವ ಮೊದಲು ತಾಟಿನದೂ ಫೋಟೋ ತೆಗೆಯುವವರು. ನನ್ನ ಅಪ್ಪ ತನ್ನ ಜೀವಮಾನದಲ್ಲಿ ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲ.

"ಹಂಗಾರ ನೀ ಹೇಳ ಅಜ್ಜಿ, ನಾವು ಚಿತ್ರಾ ತಗೀತೇವಿ" ಎಂದು ಪೆನ್ಸಿಲ್ ಹಿಡಿದು ಎದುರಿಗೆ ಕುಳಿತಿರಿ. ನಾನು ಕಣ್ಣು ಮುಚ್ಚಿದೆ. ಅವನ ದನಿ ಕೇಳಿಸಿತು, ಅಂಗಿಯ ಬೆವರಿನ ವಾಸನೆ ಬಂತು. ಮುಖ ಮಾತ್ರ ಬರಲಿಲ್ಲ. ಹೇಳಬಲ್ಲವಳಾಗಿದ್ದ ಅಕ್ಕ ಹೋದ ವರ್ಷವೇ ಹೋಗಿಬಿಟ್ಟಳು.

"ಮೂಗ ಹೆಂಗಿತ್ತ ಅಜ್ಜಿ?" ಎಂದು ಕೇಳಿದಿರಿ.