ತಾತನ ಎದುರಿಗೆ ಎತ್ತದ ಕೂಸು

ನನ್ನ ಹೊಟ್ಟೆ ತುಂಬಿತೋ ಇಲ್ಲವೋ ಎಂದು ನಮ್ಮ ತಾತ ನನ್ನನ್ನು ಕೇಳುತ್ತಿರಲಿಲ್ಲ, ಹೊಟ್ಟೆಯನ್ನೇ ಮುಟ್ಟಿ ನೋಡುತ್ತಿದ್ದ. ಕುರಿಮರಿ ಹಾಲು ಕುಡಿದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಬೆರಳಿನಿಂದ ಮೆತ್ತಗೆ ಒತ್ತಿ, "ಇನ್ನಾ ಅರ್ಧ ಖಾಲಿ ಅದ. ಇನ್ನೊಂದು ತುತ್ತು ತಿನಸವ್ವಾ" ಎಂದು ನಮ್ಮವ್ವನಿಗೆ ಹೇಳುತ್ತಿದ್ದ. ನನಗೋ ಉಸಿರು ಬಿಡಲಿಕ್ಕೂ ಜಾಗ ಇರುತ್ತಿರಲಿಲ್ಲ. ಆದರೆ ಮಲ್ಲಟದ ಸುತ್ತಮುತ್ತ ಜೀವಮಾನವೆಲ್ಲ ಕುರಿ ಕಾಯ್ದ ಮನುಷ್ಯ. ಅವನ ಬೆರಳಿನ ಮುಂದೆ ನನ್ನ ಹೊಟ್ಟೆಯ ಮಾತು ನಡೆಯಬೇಕಲ್ಲ!

ಎಪ್ಪತ್ತರ ದಶಕ. ನಾವು ಮಾನ್ವಿಯಲ್ಲಿದ್ದೆವು. ಅಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬಸ್ಸಿಗೆ ಬರುತ್ತಿದ್ದ. ಅವ್ವ ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದಳು. ಮೊಣಕಾಲು ನೋವೆಂದು ತಾತ ಕುರಿ ಕಾಯುವುದು ಬಿಟ್ಟಿದ್ದ, ಹಾಗಾಗಿ ನಾನು ಅವನ ಪಾಲಿಗೆ ಬಂದೆ. ಎಳೆಯ ಮರಿಗಳನ್ನು ಹಾಕಿಕೊಂಡು ತಿರುಗಿದ ಅದೇ ಕಂಬಳಿ ಜೋಳಿಗೆಯಲ್ಲಿ ನನ್ನನ್ನು ಕೂಡಿಸಿಕೊಂಡು ಊರೆಲ್ಲ ಸುತ್ತಿದ. ನನ್ನ ಭಾರಕ್ಕೆ ಮೊಣಕಾಲು ನೋಯುತ್ತಿರಲಿಲ್ಲವಂತೆ, ಅದೇನು ಮೊಣಕಾಲೋ!

ದೇವದುರ್ಗದ ಸಂತೆಗೂ ನಾನು ಅವನ ಬೆನ್ನ ಮೇಲೇ ಹೋದವಳು. ಒಮ್ಮೆ ಯಾರಿಗೋ ಟಗರು ಕೊಡಿಸುವ ಮಾತು ಜೋರಾಗಿ ನಡೆದಾಗ ನಾನು ಬೆನ್ನ ಮೇಲೆ ಉಚ್ಚೆ ಹೊಯ್ದೆನಂತೆ. ಮಾರುವವನು ಬಿದ್ದುಬಿದ್ದು ನಕ್ಕ. ತಾತ ಜಗ್ಗಲಿಲ್ಲ. "ನಗಬ್ಯಾಡೋ ತಮ್ಮಾ, ಗಂಗವ್ವ ತಾನಾಗೇ ಹರದು ಬಂದಾಳ. ಇನ್ನ ಯಾಪಾರ ಕುದುರಿದಂಗ" ಎಂದ. ಒದ್ದೆ ಅಂಗಿಯಲ್ಲೇ ಟಗರು ಹಿಡಿದುಕೊಂಡು ಬಂದ. ಈ ಕಥೆಯನ್ನು ನನ್ನ ಮದುವೆ ಗೊತ್ತಾದಾಗ ಬೀಗರ ಮುಂದೆ ಹೇಳಲು ಅವನಿರಲಿಲ್ಲವಲ್ಲ, ಅಷ್ಟೇ ಪುಣ್ಯ.

ನನಗೆ ತಿಳಿಯದೇ ಇದ್ದದ್ದು ಅಪ್ಪನ ನಡವಳಿಕೆ. ಅವನು ಬಸ್ಸಿಳಿದು ಬಂದು ಕಾಲು ತೊಳೆದು ಕಟ್ಟೆಯ ಅಂಚಿಗೆ ಕೂಡುತ್ತಿದ್ದ. ನಾನು ಎರಡೂ ಕೈ ಮೇಲೆ ಮಾಡಿ ಓಡಿ ಹೋದರೆ ಅವನ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಒಮ್ಮೆ ತಾತನ ಕಡೆ ನೋಡಿ, "ಏನವ್ವಾ, ಚಲೋ ಅದಿ?" ಎಂದು ನನ್ನನ್ನು ಕೇಳುತ್ತಿದ್ದ, ಅಷ್ಟೇ. ಪಕ್ಕದ ಮನೆಯ ಬಳೆಗಾರ ಸಾಹೇಬರು ತಮ್ಮ ಮಗಳನ್ನು ಸೂರಿಗೆ ಮುಟ್ಟುವಂತೆ ಹಾರಿಸಿ ಹಿಡಿಯುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮಪ್ಪನಿಗೆ ನಾನು ಬೇಡವಾದವಳು ಎಂದೇ ತಿಳಿದಿದ್ದೆ.

ತಡೆಯಲಾರದೆ, ಅಪ್ಪ ನನ್ನನ್ನು ಯಾಕೆ ಎತ್ತುವುದಿಲ್ಲ ಎಂದು ತಾತನನ್ನೇ ಕೇಳಿದೆ.

"ನಮ್ಮ ಮನ್ಯಾಗ ಹಂಗ ನಡಿಯಂಗಿಲ್ಲವ್ವಾ. ಹಿರೇರ ಮುಂದ ತನ್ನ ಕೂಸು ತಾನು ಎತ್ತಬಾರದು. ಅದು ಮರ್ಯಾದಿ ಅಲ್ಲ" ಎಂದ. "ನಮ್ಮಪ್ಪ ಇರೂತನಕ ನಿಮ್ಮಪ್ಪಗ ನಾನೂ ಎತ್ತಿಲ್ಲ."

"ಆಮ್ಯಾಲೆ?"

"ಆಮ್ಯಾಲೇನು? ನಮ್ಮಪ್ಪ ಸಾಯೂದ್ರಾಗ ನಿಮ್ಮಪ್ಪ ದೊಡ್ಡಾವಾಗಿ ಕುರಿ ಹಿಂದ ಓಡಾಡಾಕತ್ತಿದ್ದ."

ಇಷ್ಟು ಹೇಳಿ ನಕ್ಕ. ನಗಬೇಕೋ ಬಿಡಬೇಕೋ ನನಗೆ ತಿಳಿಯಲಿಲ್ಲ. ಆಮೇಲೂ ಅವನು ನನ್ನನ್ನು ಹೆಗಲಿಗೆ ಹಾಕಿಕೊಂಡು ತಟ್ಟುವಾಗ ಒಂದೊಂದು ಸಲ "ಮಲ್ಯಾ, ಮಲಕೋಪಾ" ಎನ್ನುತ್ತಿದ್ದ. ಮಲ್ಲಪ್ಪ ನಮ್ಮಪ್ಪನ ಹೆಸರು. ನಾನು ಮಲ್ಯಾ ಅಲ್ಲ ಎಂದು ಜಗಳ ತೆಗೆದರೆ, "ಹೌದಲ್ಲ" ಎಂದು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದ.

ಒಮ್ಮೆ ತಾತ ಮಟಮಾರಿಯ ನೆಂಟರ ಮನೆಗೆ ಹೋಗಿದ್ದಾಗ ಅಪ್ಪ ಬಂದ. ಇವತ್ತು ಸಿಕ್ಕಿದಿ ಮಗನೇ ಎಂದುಕೊಂಡು ಎದುರಿಗೆ ಹೋಗಿ ನಿಂತೆ. ಅಪ್ಪ ಬಾಗಿಲ ಕಡೆ ನೋಡಿದ. ಬಗ್ಗಿದ. ನನ್ನ ತಲೆ ಮುಟ್ಟಿದ. ಮತ್ತೆ ಅದೇನನ್ನಿಸಿತೋ, ಎದ್ದು ಬಾವಿಯ ಕಡೆ ನಡೆದೇಬಿಟ್ಟ. ತಾತನೇ ಇಲ್ಲದಾಗ ಯಾರ ಅಂಜಿಕೆ? ನಾನು ಯಾರ ಮೇಲೆ ಸಿಟ್ಟು ಮಾಡಬೇಕು? ಎತ್ತದವನ ಮೇಲೋ, ದಿನವಿಡೀ ನನ್ನನ್ನು ಎತ್ತಿಕೊಂಡೇ ಇದ್ದು ಅವನಿಗೆ ಎತ್ತಗೊಡದವನ ಮೇಲೋ? ತಾತ ನನ್ನ ಪ್ರಾಣವಾಗಿದ್ದ. ಆ ಪ್ರಾಣದ ಮೇಲೇ ಸಿಟ್ಟು ಬಂದರೆ ಅದನ್ನು ಎಲ್ಲಿಡಬೇಕು ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ತಾತನಿಗೆ ಜಡ್ಡಾಗಿ ರಾಯಚೂರಿನ ದವಾಖಾನೆಗೆ ಸೇರಿಸಿದರು. ಅಲ್ಲಿಂದ ಅವನು ಮನೆಗೆ ಬರಲಿಲ್ಲ. ನಾನು ಅವನನ್ನು ಕಡೆಯ ಸಲ ನೋಡಲು ಹೋದಾಗ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದೆ. ಅಪ್ಪ ಮಂಚದ ಕಾಲಬದಿಗೆ ಕೈ ಕಟ್ಟಿ ನಿಂತಿದ್ದ.

"ಮಲ್ಯಾ, ಇಕಿನ ಎತ್ಕೋ" ಎಂದ ತಾತ.

"ಇರ್ಲಿ ಬಿಡಪ್ಪಾ. ನಿನ್ನ ಮುಂದ ಹೆಂಗ ಎತ್ಲಿ?"

"ನಾ ಗ್ವಾಡಿ ಕಡಿ ಹೊಳ್ಳತೀನಿ."

ತಾತ ನರಳುತ್ತ, ಮಂಚದ ಸರಳು ಹಿಡಿದು, ನಿಧಾನಕ್ಕೆ ಗೋಡೆಯ ಕಡೆ ಹೊರಳಿದ. ಅಪ್ಪ ನನ್ನನ್ನು ನೋಡಿದ, ನಾನು ಅಪ್ಪನನ್ನು ನೋಡಿದೆ. ಕಡೆಗೆ ಅವನು ಮಿಲ್ಲಿನ ಹತ್ತಿ ಮೂಟೆ ಎತ್ತುವ ಹಾಗೆ ಕಂಕುಳಲ್ಲಿ ಕೈ ಹಾಕಿ ನನ್ನನ್ನು ಎತ್ತಿದ. ನನ್ನ ಕಾಲು ಅವನ ಮೊಣಕಾಲಿಗೆ ಬಡಿಯುತ್ತಿದ್ದವು. ಕೈ ಎಲ್ಲಿ ಹಾಕಬೇಕೆಂದೇ ನನಗೆ ಗೊತ್ತಾಗಲಿಲ್ಲ.

"ಎತ್ತಿದೇನು?" ತಾತ ಗೋಡೆಗೆ ಮುಖ ಮಾಡಿಯೇ ಕೇಳಿದ.

"ಎತ್ತೀನಪ್ಪಾ."

"ಭಾರ ಅದಾಳೇನು?"

"ಇಲ್ಲಪ್ಪಾ" ಎನ್ನುತ್ತ ಅಪ್ಪ ನನ್ನನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದ.

"ಹಂಗಾರ ಇಳಸಬ್ಯಾಡ. ಇನ್ನಾ ಸ್ವಲ್ಪ ಹೊತ್ತು ನಾ ಹಿಂಗ ಮಲಗಿರ್ತೀನಿ."